ಊರ ಕಾವಲು

ಬೇಲೂರು, ಹಳೇಬೀಡುಗಳಿಗೆ ಹೋದವರು ದೇವಾಲಯಗಳ ಶಿಲ್ಪವನ್ನು ನೋಡಿ ಹಿಂದಿರುಗುವುದು ವಾಡಿಕೆ. ಆ ಸೀಮೆಯ ವೀರಗಲ್ಲುಗಳನ್ನೂ ನಾವು ನೋಡತಕ್ಕದ್ದು. ತುರುಗಳ್ಳರಿಂದ ಊರ ದನಗಳನ್ನು ಬಿಡಿಸಲು ಹೋಗಿ ಮಡಿದವರ ನೆನಪಿಗೆ ನೆಟ್ಟ ಕಲ್ಲುಗಳು ಅವುಗಳಲ್ಲಿ ಹಲವುಂಟು. ಊರ ಕಾವಲು ಊರವರದೇ ಆಗಿದ್ದ ಕಾಲವದು.

ಬಳಿಕ ಆ ಹೊಣೆಯನ್ನು ತಳವಾರನೂ ತೋಟಿಯೂ ಹೊತ್ತರು. ವಂಶಪಾರಂಪರ್ಯವಾದ ಈ ಉದ್ಯೋಗಗಳು 1961ರ ಶಾಸನದಿಂದ ರದ್ದಾದವು. ಕಾವಲೆಲ್ಲವೂ ಪೋಲೀಸು ಠಾಣೆಯ ಪಾಲಿಗೆ ಬಂದಿತು. ಆದರೆ ಠಾಣೆಗೆ ಸೇರಿದ ಹಳ್ಳಿಗಳು ಹಲವು, ಪೇದೆಗಳು ಕೆಲವರು. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ರೈಲುದಾರಿಗಳು ಕೂಡುವ ಅರಸೀಕೆರೆಯಲ್ಲಂತೂ ಹಗಲಿರುಳೂ ಹೊಸಬರು ಬಂದಿಳಿಯುವರು. ಅವರೆಲ್ಲರ ಗುರುತು ಹಿಡಿಯುವುದು ಪೇದೆಗಳಿಂದ ಆಗದ ಮಾತು. ಇದನ್ನರಿತೇ ನಮ್ಮ ರಾಜ್ಯದ ಪೋಲೀಸು ಇಲಾಖೆಯು 2017ರಲ್ಲಿ ಠಾಣೆಯ ಸರಹದ್ದನ್ನು ಗಸ್ತುಗಳಾಗಿ ವಿಂಗಡಿಸಿ, ಒಬ್ಬೊಬ್ಬ ಪೇದೆಗೆ ಒಂದೊಂದನ್ನು ವಹಿಸಿ, ಅಲ್ಲಿನ ನಾಗರಿಕರನ್ನೂ ಜೊತೆಗೂಡಿಸಿಕೊಂಡಿತು.

ಆದರೂ ಎಚ್ಚರಿಕೆಯು ಅವಿವೇಕಕ್ಕೆ ತಿರುಗಬಾರದು. 2018ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ಗಾಳಿಮಾತನ್ನು ನಂಬಿದ ಜನರು ನಿರಪರಾಧಿಯಾದ ಪ್ರಯಾಣಿಕನೊಬ್ಬನನ್ನು ಹೊಡೆದು ಕೊಂದರು. ಕಣ್ಣೆದುರಿಗೆ ಘೋರಾಪರಾಧ ಮಾಡಿದವನನ್ನು ಹಿಡಿದು, ತಡಮಾಡದೆ ಪೋಲೀಸಿನವರಿಗೆ ಒಪ್ಪಿಸಲು ಕಾನೂನು ನಮಗೂ ಅಧಿಕಾರವಿತ್ತಿದೆ, ದಂಡಿಸಲು ಇತ್ತಿಲ್ಲ.

ಆದಕಾರಣ ಗೃಹಸ್ಥರು ಪರಸ್ಥಳಕ್ಕೆ ಹೊರಡುವಾಗ ನೆರೆಯವರಿಗೆ ಹೇಳಿ ಹೋಗಲಿ. ಗಸ್ತಿನ ಪೇದೆಯ ಪರಿಚಯವಿಟ್ಟುಕೊಳ್ಳಲಿ. ಸಂಶಯ ಬಂದೊಡನೆ 112ಕ್ಕೆ ತಿಳಿಸಲಿ. ವೀರಗಲ್ಲಿನ ವೀರರಂತೆ ನಾವು ಪ್ರಾಣ ತೆರಬೇಕಾಗಿಲ್ಲ. ನೆರೆಮನೆಯ ಬಾಗಿಲ ಮೇಲೆ ಒಂದು ಕಣ್ಣಿಟ್ಟರೆ ಸಾಕು.