ಕಾಣದ ಅಚ್ಚುಗಳ ಎಣಿಕೆ

ಬೀದರಿನಲ್ಲಿ ಬಿದ್ರಿ ಕೆಲಸಗಾರರ ಪಕ್ಕ ಅರ್ಧ ಗಂಟೆ ಕುಳಿತರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಸತು, ತಾಮ್ರ ಕಲಸಿ ಎರಕ ಹೊಯ್ದ ಹೂಜಿಯ ಮೇಲೆ ಕುಶಲಕರ್ಮಿ ಸಣ್ಣ ಉಳಿಯಿಂದ ಬಳ್ಳಿ ಕೊರೆಯುತ್ತಾನೆ. ಆ ಗೀರಿಗೆ ಬೆಳ್ಳಿಯ ತಂತಿ ಕೂರಿಸಿ ಮೆಲ್ಲಗೆ ಬಡಿಯುತ್ತಾನೆ. ಅದೇ ಬಳ್ಳಿ, ಅದೇ ಕೈ. ಆದರೂ ಪಕ್ಕದ ಹೂಜಿಯ ಎಲೆ ಕೂದಲೆಳೆಯಷ್ಟು ಬೇರೆ. ಕೈಯಿಂದ ಕೊರೆದದ್ದು ಎರಡು ಸಲ ಒಂದೇ ಆಗಿ ಬರುವುದಿಲ್ಲ. ಇದೇ ಊರಿನ ಟಂಕಸಾಲೆಯಲ್ಲಿ ಆರು ಶತಮಾನಗಳ ಹಿಂದೆ ಎಷ್ಟು ನಾಣ್ಯ ತಯಾರಾಯಿತು ಎಂದು ಲೆಕ್ಕ ಹಾಕುವ ವಿದ್ಯೆಗೆ ಈ ಕೂದಲೆಳೆಯ ವ್ಯತ್ಯಾಸವೇ ಆಧಾರ.

15ನೇ ಶತಮಾನದ ಮೊದಲರ್ಧದಲ್ಲಿ ಸುಲ್ತಾನ ಅಹಮದ್ ಶಾಹ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಆಮೇಲಿನ ಬಹಮನಿ ನಾಣ್ಯಗಳ ಮೇಲೆ ಊರಿನ ಅಂದಿನ ಹೆಸರು ಮುಹಮ್ಮದಾಬಾದ್ ಎಂದು ಕಾಣುತ್ತದೆ. ಬೆಳ್ಳಿಯ ಟಂಕ ಸುಮಾರು 11 ಗ್ರಾಂ, ತೊಲಕ್ಕಿಂತ ತುಸು ಕಡಿಮೆ. ಈ ಸೀಮೆಯ ಕೆಂಪು ಮುರಕಲ್ಲಿನಲ್ಲಿ ಬೆಳ್ಳಿ ಸಿಗುವುದಿಲ್ಲ; ಅದು ಬಂದರುಗಳ ಹಾದಿಯಲ್ಲಿ, ವ್ಯಾಪಾರದ ಮೂಲಕ ಬರಬೇಕಿತ್ತು. ಹಾಗಾಗಿ ಟಂಕ ಎಷ್ಟು ಅಚ್ಚಾಯಿತು ಎಂಬ ಪ್ರಶ್ನೆ ಬರೀ ಸಂಗ್ರಾಹಕರ ಹುಚ್ಚಲ್ಲ. ಮಹಮೂದ್ ಗವಾನ್ 1472ರಲ್ಲಿ ಮದರಸಾ ಕಟ್ಟಿಸಿದಾಗ ಈ ಊರಿನ ಕೈಯಲ್ಲಿ ಎಷ್ಟು ಹಣ ಓಡಾಡುತ್ತಿತ್ತು ಎಂಬುದಕ್ಕೆ ಉತ್ತರ ಅಲ್ಲಿದೆ.

ಟಂಕಸಾಲೆಯ ವಿಧಾನ ಬಲು ಸರಳ. ಅಚ್ಚುಗಳನ್ನೂ ಕೈಯಿಂದಲೇ ಕೊರೆಯುತ್ತಿದ್ದರು, ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ಒಂದು ಅಚ್ಚನ್ನು ಅಡಿಗಲ್ಲಿನಲ್ಲಿ ನೆಡುವುದು, ಇನ್ನೊಂದನ್ನು ಕೈಯಲ್ಲಿ ಹಿಡಿಯುವುದು, ನಡುವೆ ತೂಕ ಮಾಡಿದ ಬೆಳ್ಳಿ ಬಿಲ್ಲೆ ಇಟ್ಟು ಸುತ್ತಿಗೆಯಿಂದ ಬಲವಾಗಿ ಒಂದೇಟು. ಮೇಲಿನ ಅಚ್ಚಿಗೆ ಏಟು ನೇರವಾಗಿ ಬೀಳುವುದರಿಂದ ಅದು ಬೇಗ ಸವೆಯುತ್ತದೆ, ಸೀಳುತ್ತದೆ. ಆ ಸೀಳು ನಾಣ್ಯದ ಮೇಲೆ ಉಬ್ಬುಗೆರೆಯಾಗಿ ಮೂಡುತ್ತದೆ. ಎರಡು ಟಂಕಗಳಲ್ಲಿ ಒಂದೇ ಅಕ್ಷರದ ಬಾಲಕ್ಕೆ ಒಂದೇ ಕಡೆ ಅದೇ ಗೆರೆ ತಾಗಿದ್ದರೆ ಎರಡೂ ಒಂದೇ ಅಚ್ಚಿನ ಮಕ್ಕಳು. ಗೆರೆ ಸಣ್ಣದಿರುವುದು ಅಣ್ಣ, ಉದ್ದವಾಗಿರುವುದು ತಮ್ಮ.

ಗ್ರೀಕ್ ಬೆಳ್ಳಿ ನಾಣ್ಯಗಳನ್ನು ಓದುವವರು ಈ ಹೋಲಿಕೆಯನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದ್ದಾರೆ. ಅಥೆನ್ಸಿನ ಗೂಬೆ ಮುದ್ರೆಯ ನಾಣ್ಯ ತಯಾರಾದದ್ದೂ ಹೀಗೆಯೇ, ಅಡಿಯಚ್ಚು, ಮೇಲಚ್ಚು, ಸುತ್ತಿಗೆಯಿಂದ.

ಈಗ ನೂರು ಟಂಕಗಳ ಫೋಟೊ ಮೇಜಿನ ಮೇಲೆ ಹರಡಿದೆ ಎಂದುಕೊಳ್ಳೋಣ. ಒಂದೊಂದನ್ನೂ ಉಳಿದವುಗಳ ಜೊತೆ ಹೋಲಿಸಿ ನೋಡಿದಾಗ ಅಡಿಯಚ್ಚುಗಳು 60 ಎಂದು ತಿಳಿಯಿತು. ಅವುಗಳಲ್ಲಿ 30 ಅಚ್ಚುಗಳಿಗೆ ತಲಾ ಒಂದೇ ನಾಣ್ಯ, ಜೊತೆಯಿಲ್ಲದ ಒಂಟಿಗಳು. ಈ ಒಂಟಿಗಳೇ ಮುಖ್ಯ ಸಾಕ್ಷಿ. ಒಂಟಿಗಳು ಹೆಚ್ಚಿದ್ದಷ್ಟೂ ನಮ್ಮ ಕಣ್ಣಿಗೆ ಬೀಳದೆ ಉಳಿದ ಅಚ್ಚುಗಳು ಹೆಚ್ಚು. ನೂರಕ್ಕೆ 30 ಒಂಟಿ ಎಂದರೆ, ಅಂದು ತಯಾರಾದ ನಾಣ್ಯಗಳಲ್ಲಿ ಸುಮಾರು 70 ಪಾಲು ನಮಗೆ ಗೊತ್ತಾದ ಅಚ್ಚುಗಳದ್ದು. 60ನ್ನು 0.7ರಿಂದ ಭಾಗಿಸಿದರೆ 86. ಅಷ್ಟು ಅಚ್ಚುಗಳು ಇದ್ದಿರಬೇಕು. ಈ ಸೂತ್ರದ ಮೂಲ ನಾಣ್ಯಶಾಸ್ತ್ರದಲ್ಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಗೂಢಲಿಪಿ ಬಿಡಿಸುತ್ತಿದ್ದ ಅಲನ್ ಟ್ಯೂರಿಂಗ್‌ಗೆ ಹೊಳೆದ ವಿಚಾರವನ್ನು ಅವರ ಸಹೋದ್ಯೋಗಿ ಐ. ಜೆ. ಗುಡ್ 1953ರಲ್ಲಿ ಪ್ರಕಟಿಸಿದರು. ಕಾಣದ್ದನ್ನು ಕಂಡದ್ದರಿಂದ ಎಣಿಸುವ ಇಷ್ಟು ಚೆಲುವಾದ ಉಪಾಯ ಗಣಿತದಲ್ಲಿ ಅಪರೂಪ.

ಇಲ್ಲಿಯವರೆಗೆ ನೆಲ ಗಟ್ಟಿ. ಒಂದು ಅಚ್ಚು ಎಷ್ಟು ನಾಣ್ಯ ಕೊಡುತ್ತದೆ ಎಂದು ಕೇಳಿದಾಗ ಕಾಲ ಕೆಳಗಿನ ಮಣ್ಣು ಸಡಿಲವಾಗುತ್ತದೆ. ಇಂಗ್ಲೆಂಡಿನ ಡೇವಿಡ್ ಸೆಲ್‌ವುಡ್ 1963ರಲ್ಲಿ ತಾವೇ ಅಚ್ಚು ಮಾಡಿ ಬಡಿದು ನೋಡಿದರು. ಅಡಿಯಚ್ಚು ಸಾವಿರಾರು ಏಟು ತಾಳಿಕೊಂಡಿತು. ಗ್ರೀಸಿನ ಡೆಲ್ಫಿಯಲ್ಲಿ ಕ್ರಿ.ಪೂ. 336ರ ಸುಮಾರಿನಲ್ಲಿ ಎಷ್ಟು ಬೆಳ್ಳಿಯನ್ನು ನಾಣ್ಯ ಮಾಡಲಾಯಿತು ಎಂಬ ಲೆಕ್ಕ ಕಲ್ಲಿನ ಮೇಲೆ ಉಳಿದಿದೆ. ಅದನ್ನು ಉಳಿದ ನಾಣ್ಯಗಳ ಅಚ್ಚುಗಳ ಜೊತೆ ಹೊಂದಿಸಿದ ಫಿಲಿಪ್ ಕಿನ್ಸ್ ಅವರಿಗೆ ಸಿಕ್ಕದ್ದು ಅಚ್ಚಿಗೆ 23 ಸಾವಿರದಿಂದ 47 ಸಾವಿರ. ಬೆಲ್ಜಿಯಂನ ಫ್ರಾಂಸ್ವಾ ದ ಕಲ್ಲತಾಯ್ 20 ಸಾವಿರ ಎಂದು ಹಿಡಿದು ಲೆಕ್ಕ ಮುಂದುವರಿಸುತ್ತಾರೆ. ಅಚ್ಚು ಪೂರ್ತಿ ಸವೆಯುವ ತನಕ ಬಳಸಿದರೆಂದು ಯಾರು ಹೇಳಿದರು ಎಂದು ಟೆಡ್ ಬಟ್ರಿ ತಕರಾರು ಎತ್ತಿದರು. ತಕರಾರಿನಲ್ಲಿ ಸತ್ವವಿದೆ. ಮೇಲಿನ 86 ಅಚ್ಚುಗಳಿಗೆ ಹತ್ತು ಸಾವಿರ ಹಿಡಿದರೆ ಒಂಬತ್ತೂವರೆ ಟನ್ ಬೆಳ್ಳಿ, ಇಪ್ಪತ್ತು ಸಾವಿರ ಹಿಡಿದರೆ ಹತ್ತೊಂಬತ್ತು. ಆದರೂ ಒಬ್ಬ ಸುಲ್ತಾನನ ಕಾಲದ ಅಚ್ಚುಗಳನ್ನು ಇನ್ನೊಬ್ಬನ ಕಾಲದವುಗಳ ಪಕ್ಕ ಇಟ್ಟಾಗ ಯಾರ ಟಂಕಸಾಲೆ ಹೆಚ್ಚು ದುಡಿಯಿತು ಎಂಬುದು ಟನ್ನುಗಳ ಗೊಡವೆಯಿಲ್ಲದೆ ತಿಳಿಯುತ್ತದೆ. ಈ ಲೆಕ್ಕದ ನಿಜವಾದ ಲಾಭ ಅಲ್ಲೇ ಇದೆ.

ತಯಾರಾದ ಟಂಕಗಳೆಲ್ಲ ಎಲ್ಲಿ ಹೋದವು? ಹೆಚ್ಚಿನವು ಕುಲುಮೆಗೆ. ಒಂದನೇ ಮುಹಮ್ಮದ್ ಶಾಹನ ಕಾಲದಲ್ಲಿ, ರಾಜಧಾನಿ ಇನ್ನೂ ಕಲಬುರಗಿಯಲ್ಲಿದ್ದಾಗಲೇ, ಸರಾಫರು ಬಹಮನಿ ನಾಣ್ಯಗಳನ್ನು ಕರಗಿಸುತ್ತಿದ್ದರು, ಅದಕ್ಕಾಗಿ ಸುಲ್ತಾನ ಅವರನ್ನು ಕೊಲ್ಲಿಸಿದ ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಕರಗುವುದು ಆಮೇಲೂ ನಿಲ್ಲಲಿಲ್ಲ. ಬೆಳ್ಳಿಗೆ ನೆನಪಿಲ್ಲ. ಭಾಲ್ಕಿಯ ಪತ್ತಾರರ ಕೈಯಲ್ಲಿ ಹಳೆಯ ಬೆಳ್ಳಿ ಇಷ್ಟಲಿಂಗದ ಕರಡಿಗೆಯಾಗಬಹುದು, ಕಾಲ್ಗಡಗವಾಗಬಹುದು. ಔರಾದ್ ಕಡೆಯ ತಾಂಡಾಗಳಲ್ಲಿ ಲಂಬಾಣಿ ಹೆಂಗಸರು ರೂಪಾಯಿ ನಾಣ್ಯಗಳನ್ನೇ ಒಡವೆಯಾಗಿ ತೊಡುವುದುಂಟು. ಅಲ್ಲಿ ಕನಿಷ್ಠ ಮುದ್ರೆಯಾದರೂ ಉಳಿಯುತ್ತದೆ.

ಕುಲುಮೆಯಿಂದ ತಪ್ಪಿಸಿಕೊಂಡದ್ದು ನೆಲದಲ್ಲಿ ಹೂತ ಮಡಕೆಗಳಲ್ಲಿ. ಎರಿಹೊಲದಲ್ಲಿ ನೇಗಿಲ ಮೊನೆಗೋ ಪಾಯ ತೋಡುವ ಹಾರೆಗೋ ಮಡಕೆ ತಗುಲಿದಾಗ ಕಾನೂನಿನಂತೆ ಸರ್ಕಾರಕ್ಕೆ ತಿಳಿಸಬೇಕು. ಎಣಿಕೆ ಮಾಡುವವರ ಬೇಡಿಕೆ ಇನ್ನೂ ಒಂದಿದೆ: ಮಡಕೆಯ ನಾಣ್ಯಗಳನ್ನು ಹಂಚಿಕೊಳ್ಳಬಾರದು, ಚೆಂದದ್ದನ್ನು ಆರಿಸಿ ಉಳಿದದ್ದನ್ನು ಬಿಡಬಾರದು. ಸವೆದದ್ದು, ಒಡೆದದ್ದು, ಅಕ್ಷರ ಅರ್ಧ ಬಿದ್ದದ್ದು, ಎಲ್ಲವೂ ಬೇಕು. ಪ್ರತಿಯೊಂದನ್ನೂ ತೂಗಿ, ಎರಡೂ ಮುಖಗಳ ಫೋಟೊ ತೆಗೆಯುವ ತನಕ ಒಂಟಿ ಯಾವುದು, ಜೋಡಿ ಯಾವುದು ಎಂದು ಹೇಳಲು ಬರುವುದಿಲ್ಲ.