ಹುಳುಕಡ್ಡಿಗೆ ಸಿಕ್ಕ ಸಿಕ್ಕ ಟ್ಯೂಬ್ ಹಚ್ತಿದ್ದೀರಾ? ಮೊದಲು ಅದರ ಮೇಲಿನ ಹೆಸರು ಓದಿ

ಮೈಸೂರು: ದೇವರಾಜ ಮಾರ್ಕೆಟ್ಟಿನಲ್ಲೋ ಮಂಡಿ ಮೊಹಲ್ಲಾದಲ್ಲೋ ಬಿಗಿ ಜೀನ್ಸ್ ಹಾಕ್ಕೊಂಡು ಬೆಳಗ್ಗೆಯಿಂದ ರಾತ್ರಿವರೆಗೆ ಅಂಗಡೀಲಿ ಕೂರೋರಿಗೆ ಈ ಕಾಟ ಗೊತ್ತಿರುತ್ತೆ. ತೊಡೆಸಂದು, ಸೊಂಟ, ಕಂಕುಳಲ್ಲಿ ದುಂಡಗೆ ಕೆಂಪಾಗುತ್ತೆ. ಅಂಚು ಉಬ್ಬಿ ಹೊಟ್ಟು ಏಳುತ್ತೆ, ನಡುವೆ ಚರ್ಮ ತಿಳಿಯಾಗಿರುತ್ತೆ. ಬೆವತರೆ ತುರಿಕೆ ಜಾಸ್ತಿ. ಇದೇ ಹುಳುಕಡ್ಡಿ. ಹೆಸರಲ್ಲಷ್ಟೇ ಹುಳು, ನಿಜವಾಗಿ ಇದು ಫಂಗಸ್.

ಡಾಕ್ಟರಿಗೆ ತೋರಿಸೋಕೆ ನಾಚಿಕೆ. ಹಾಗಾಗಿ ಮೆಡಿಕಲ್ ಸ್ಟೋರಿಗೆ ಹೋಗಿ ‘ತುರಿಕೆಗೆ ಏನಾದ್ರೂ ಕೊಡಿ’ ಅಂತೀವಿ. ಕೈಗೆ ಬರೋ ಟ್ಯೂಬ್ ಎಷ್ಟೋ ಸಲ ಮಿಕ್ಸ್ ಮಾಲು. ಫಂಗಸ್ ಔಷಧಿ ಜೊತೆ ಸ್ಟೀರಾಯ್ಡೂ ಇರುತ್ತೆ. ಎರಡೇ ದಿನಕ್ಕೆ ಕೆಂಪು, ತುರಿಕೆ ಎರಡೂ ಇಳಿಯುತ್ತೆ, ವಾಸಿಯಾಯ್ತು ಅನ್ಸುತ್ತೆ. ಆದರೆ ಸ್ಟೀರಾಯ್ಡ್ ಚರ್ಮದ ರೋಗ ತಡೆಯೋ ಶಕ್ತಿಯನ್ನೇ ಕುಗ್ಗಿಸೋದ್ರಿಂದ ಫಂಗಸ್ ಒಳಗೊಳಗೇ ಹರಡುತ್ತೆ. ಹಚ್ಚೋದು ಬಿಟ್ಟರೆ ಮತ್ತೆ ಏಳುತ್ತೆ. ದುಂಡನೆ ಅಂಚು ಅಳಿಸಿಹೋಗಿ ಡಾಕ್ಟರಿಗೂ ಗುರುತು ಹಿಡಿಯೋದು ಕಷ್ಟ. ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗಿ ತೊಡೆಸಂದಿನಲ್ಲಿ ಸೀಳಿದಂಥ ಗೆರೆ ಬೀಳುತ್ತೆ, ಅದು ಪೂರ್ತಿ ಹೋಗಲ್ಲ.

ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಬೆಕ್ಲೋಮೆಥಾಸೋನ್ ಅಂತಿದ್ರೆ ಅದು ಸ್ಟೀರಾಯ್ಡ್. ಇಂಥ ಕ್ರೀಮು ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಕೌಂಟರ್ ಮೇಲೆ ನಡೆಯೋದು ಬೇರೆ.

ಸಣ್ಣದಾಗಿ ಶುರುವಾಗಿದ್ರೆ ಬರೀ ಕ್ಲೋಟ್ರಿಮಜೋಲ್ ಇರೋ ಕ್ರೀಮು ದಿನಕ್ಕೆ ಎರಡು ಸಲ, ಅಂಚಿನಿಂದ ಒಂದು ಬೆರಳಗಲ ಆಚೆವರೆಗೂ ಹಚ್ಚಿ. ಕಲೆ ಮಾಯವಾದ್ಮೇಲೂ ಎರಡು ವಾರ ಬಿಡಬೇಡಿ. ಎಲ್ಲರೂ ಎಡವೋದು ಇಲ್ಲೇ. ಟವೆಲ್ ಹಂಚ್ಕೋಬೇಡಿ, ಒಳಉಡುಪು ಬಿಸಿಲಲ್ಲಿ ಪೂರಾ ಒಣಗಲಿ.

ಎಲ್ಲಾ ತುರಿಕೆಯೂ ಹುಳುಕಡ್ಡಿ ಅಲ್ಲ. ಬೆರಳ ಸಂದಿನಲ್ಲಿ ಸಣ್ಣ ಗುಳ್ಳೆ, ರಾತ್ರಿ ವಿಪರೀತ ತುರಿಕೆ, ಮನೆಮಂದಿಗೆಲ್ಲ ಹಬ್ಬಿದ್ರೆ ಕಜ್ಜಿ ಇರಬಹುದು. ಅದಕ್ಕೆ ಔಷಧಿಯೇ ಬೇರೆ, ಮನೆಯವರೆಲ್ಲ ಒಂದೇ ದಿನ ಹಚ್ಕೋಬೇಕು. ಮುಖ, ರೆಪ್ಪೆ, ಕತ್ತು ಉರಿದು ದಪ್ಪಗಾದ್ರೆ ಪಕ್ಕದ ಖಾಲಿ ಸೈಟಿನ ಕಾಂಗ್ರೆಸ್ ಗಿಡದ ಮೇಲೂ ಅನುಮಾನ ಇರಲಿ.

ಎರಡು ವಾರದಲ್ಲಿ ಕಡಿಮೆ ಆಗದಿದ್ರೆ, ಶುಗರ್ ಇದ್ರೆ, ಮಕ್ಕಳಿಗೆ ಅಥವಾ ಗರ್ಭಿಣಿಯರಿಗೆ ಬಂದಿದ್ರೆ ಕಾಯಬೇಡಿ. ನಮ್ಮ ದೊಡ್ಡಾಸ್ಪತ್ರೆ, ಅಂದ್ರೆ ಕೆ.ಆರ್. ಆಸ್ಪತ್ರೆಯಲ್ಲೇ ಚರ್ಮರೋಗ ವಿಭಾಗ ಇದೆ. ಹೋಗುವಾಗ ಇಷ್ಟು ದಿನ ಹಚ್ಚಿದ ಟ್ಯೂಬನ್ನೂ ಜೇಬಲ್ಲಿ ಹಾಕ್ಕೊಂಡು ಹೋಗಿ.