ವಸ್ತುಸಂಗ್ರಹಾಲಯಗಳೂ ವಿಕಲಚೇತನರೂ

ಕನ್ನಡದಲ್ಲಿ ‘ನೋಡು’ ಎಂಬ ಕ್ರಿಯಾಪದವು ಕಣ್ಣೊಂದಕ್ಕೇ ಮೀಸಲಾದುದಲ್ಲ. ಗೃಹಿಣಿಯು ಸಾರಿನ ರುಚಿ ನೋಡುತ್ತಾಳೆ; ತಾಯಿಯು ಜ್ವರ ಬಂದ ಮಗುವಿನ ಹಣೆಯನ್ನು ಮುಟ್ಟಿ ನೋಡುತ್ತಾಳೆ; ವೈದ್ಯನು ನಾಡಿ ಹಿಡಿದು ನೋಡುತ್ತಾನೆ; ಗಾಯಕನು ತಂಬೂರಿಯ ತಂತಿಯನ್ನು ಮೀಟಿ ನೋಡುತ್ತಾನೆ. ಪಂಚೇಂದ್ರಿಯಗಳಿಗೂ ನೋಟದ ಗೌರವವನ್ನಿತ್ತ ಭಾಷೆಯಿದು. ಆದರೆ ಈ ಭಾಷೆಯನ್ನಾಡುವ ನಾಡಿನ ವಸ್ತುಸಂಗ್ರಹಾಲಯಗಳಲ್ಲಿಯೂ, ಜಗತ್ತಿನ ಬಹುಪಾಲು ಸಂಗ್ರಹಾಲಯಗಳಲ್ಲಿರುವಂತೆಯೇ, ಪ್ರೇಕ್ಷಕನಿಗೆ ಎದುರಾಗುವ ಮೊದಲ ಆಜ್ಞೆ ‘ವಸ್ತುಗಳನ್ನು ಮುಟ್ಟಬಾರದು’ ಎಂಬುದು. ಕಣ್ಣುಳ್ಳವನಿಗೆ ಅದೊಂದು ಸಾಮಾನ್ಯ ನಿಯಮ. ಕಣ್ಣಿಲ್ಲದವನಿಗೆ ಅದು ಮುಚ್ಚಿದ ಬಾಗಿಲು.

ಶಾಲಾ ಪ್ರವಾಸಗಳ ಅನುಭವವುಳ್ಳ ಉಪಾಧ್ಯಾಯರಿಗೆ ಈ ಮಾತು ಹೊಸದಲ್ಲ. ಐತಿಹಾಸಿಕ ಸ್ಥಳದಲ್ಲಿ ಬಸ್ಸು ನಿಂತೊಡನೆ ಮಕ್ಕಳು ಹುರುಪಿನಿಂದ ಮೆಟ್ಟಿಲೇರುತ್ತಾರೆ. ಕಾಲಿನ ಶಕ್ತಿ ಕುಂದಿದ ಒಬ್ಬ ಬಾಲಕನು ಗೆಳೆಯರ ಚೀಲಗಳನ್ನು ಕಾಯುತ್ತ ಬಸ್ಸಿನಲ್ಲಿಯೇ ಉಳಿಯುತ್ತಾನೆ. ಅವನನ್ನು ಯಾರೂ ತಿರಸ್ಕರಿಸಿದವರಲ್ಲ. ಕಟ್ಟಡವೇ ಅವನನ್ನು ಹೊರಗಿಟ್ಟಿದೆ. ಇಂಥವರ ಸಂಖ್ಯೆ ಅಲ್ಪವೂ ಅಲ್ಲ. 2011ರ ಜನಗಣತಿಯಂತೆ ಭಾರತದಲ್ಲಿ ಸುಮಾರು 2 ಕೋಟಿ 68 ಲಕ್ಷ ಅಂಗವಿಕಲರಿದ್ದರು. ಕರ್ನಾಟಕವೊಂದರಲ್ಲಿಯೇ ಅವರ ಸಂಖ್ಯೆ 13 ಲಕ್ಷಕ್ಕೂ ಮಿಗಿಲಾಗಿತ್ತು. ಮುಪ್ಪಿನಿಂದ ಮಂಡಿ ನೋಯುವವರನ್ನೂ ದೃಷ್ಟಿ ಮಸುಕಾದವರನ್ನೂ ಎಣಿಕೆಗೆ ತೆಗೆದುಕೊಂಡರೆ ಈ ಪ್ರಶ್ನೆಯು ಪ್ರತಿಯೊಂದು ಮನೆಯನ್ನೂ ಮುಟ್ಟುತ್ತದೆ.

ಮುಟ್ಟಬಾರದೆಂಬ ನಿಯಮಕ್ಕೆ ಸಕಾರಣವಿದೆಯೆಂಬುದನ್ನೂ ಇಲ್ಲಿ ಒಪ್ಪಬೇಕು. ಬೆವರಿನಲ್ಲಿರುವ ಲವಣವು ಕಂಚಿನ ಮೂರ್ತಿಯನ್ನು ತಿನ್ನುತ್ತದೆ. ಕೈಯ ಜಿಡ್ಡು ಕಲ್ಲಿನ ರಂಧ್ರಗಳನ್ನು ಸೇರಿ ಕಪ್ಪುಗಟ್ಟುತ್ತದೆ. ಸಹಸ್ರ ಹಸ್ತಗಳ ಸವೆತದಿಂದ ಶಿಲ್ಪದ ಮೂಗು ಕಣ್ಣುಗಳೇ ಮಾಸಿಹೋಗುತ್ತವೆ. ಓಲೆಗರಿಗಳಂತೂ ಬೆರಳಿನ ಒತ್ತಡಕ್ಕೇ ಮುರಿಯಬಹುದು. ಸಂಗ್ರಹಾಲಯವು ಇಂದಿನವರ ಸ್ವತ್ತಾಗಿರುವಂತೆ ಮುಂದಿನವರ ನಿಕ್ಷೇಪವೂ ಆಗಿದೆ. ಆದ್ದರಿಂದ ರಕ್ಷಣೆ ಮತ್ತು ಪ್ರವೇಶ ಎಂಬ ಎರಡು ಧರ್ಮಗಳಲ್ಲಿ ಒಂದನ್ನು ಕೈಬಿಡದೆ ಇನ್ನೊಂದನ್ನು ಪಾಲಿಸುವುದು ಹೇಗೆಂಬುದೇ ವಿಚಾರಾರ್ಹವಾದ ವಿಷಯ.

ಈ ಚಿಂತನೆ ಶತಮಾನಕ್ಕೂ ಹಿಂದಿನದು. ಇಂಗ್ಲೆಂಡಿನ ಸಂಡರ್ಲೆಂಡ್ ನಗರದ ವಸ್ತುಸಂಗ್ರಹಾಲಯದಲ್ಲಿ ಜೆ. ಎ. ಚಾರ್ಲ್‌ಟನ್ ಡೀಸ್ ಎಂಬುವರು 1913ರಲ್ಲಿಯೇ ಅಂಧ ಮಕ್ಕಳನ್ನು ಆಹ್ವಾನಿಸಿ, ಅಲ್ಲಿದ್ದ ಪ್ರಾಣಿಗಳೇ ಮೊದಲಾದ ವಸ್ತುಗಳನ್ನು ಕೈಯಿಂದ ಸ್ಪರ್ಶಿಸಿ ತಿಳಿಯುವ ಅವಕಾಶವನ್ನು ಕಲ್ಪಿಸಿದರು. ಸ್ಪೇನಿನ ಅಂಧರ ಸಂಸ್ಥೆಯು 1992ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಸ್ಪರ್ಶಸಂಗ್ರಹಾಲಯವೊಂದನ್ನು ತೆರೆಯಿತು. ಮರುವರ್ಷವೇ, ಅಂದರೆ 1993ರಲ್ಲಿ, ಇಟಲಿಯ ಅಂಕೋನಾ ನಗರದಲ್ಲಿ ಆಲ್ಡೊ ಗ್ರಾಸಿನಿ ಮತ್ತು ದಾನಿಯೇಲಾ ಬೊಟ್ಟೆಗೋನಿ ಎಂಬ ಅಂಧ ದಂಪತಿಗಳ ಪ್ರೇರಣೆಯಿಂದ, ಅಂಧನೆಂದು ಪ್ರಸಿದ್ಧನಾದ ಗ್ರೀಕ್ ಮಹಾಕವಿ ಹೋಮರನ ಹೆಸರಿನಲ್ಲಿ ‘ಓಮೆರೋ’ ಸಂಗ್ರಹಾಲಯವು ಸ್ಥಾಪಿತವಾಯಿತು. ಅದು 1999ರಲ್ಲಿ ರಾಷ್ಟ್ರೀಯ ಮಾನ್ಯತೆಯನ್ನು ಪಡೆಯಿತು. ಪ್ರಾಚೀನ ಪ್ರತಿಮೆಗಳ ಮೂಲಪ್ರಮಾಣದ ಗಾರೆಯಚ್ಚುಗಳೂ ಪ್ರಸಿದ್ಧ ಕಟ್ಟಡಗಳ ಕಿರುಮಾದರಿಗಳೂ ಅಲ್ಲಿ ಮುಟ್ಟುವುದಕ್ಕಾಗಿಯೇ ಇವೆ. ಮೂಲವನ್ನು ಕಾಪಾಡಿ ಪ್ರತಿಕೃತಿಯನ್ನು ಕೈಗೆ ಕೊಡುವ ಈ ಮಾರ್ಗದಲ್ಲಿ ಮೇಲೆ ಹೇಳಿದ ಎರಡು ಧರ್ಮಗಳೂ ಉಳಿಯುತ್ತವೆ.

ಭಾರತದಲ್ಲಿ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವು 2015ರಲ್ಲಿ ಇದೇ ಮಾರ್ಗವನ್ನು ಹಿಡಿದು, ತನ್ನ ಸಂಗ್ರಹದ 22 ವಸ್ತುಗಳ ಸ್ಪರ್ಶಯೋಗ್ಯ ಪ್ರತಿಕೃತಿಗಳನ್ನು ಒಂದು ಪ್ರತ್ಯೇಕ ಶಾಲೆಯಲ್ಲಿ ಜೋಡಿಸಿತು. ಬ್ರೈಲ್ ಲಿಪಿಯ ಫಲಕಗಳನ್ನೂ ಧ್ವನಿವಿವರಣೆಯನ್ನೂ ಅವುಗಳಿಗೆ ಒದಗಿಸಿತು. ಅದಕ್ಕಿತ್ತ ಹೆಸರು ‘ಅನುಭವ’. ಶರಣಪರಂಪರೆಯಲ್ಲಿ ಬೆಳೆದವರಿಗೆ ಈ ಪದವು ಎಷ್ಟು ಆಪ್ತವೆಂಬುದನ್ನು ವಿವರಿಸಬೇಕಾಗಿಲ್ಲ. ಕುಲ, ವೃತ್ತಿ, ಲಿಂಗಗಳ ಭೇದವಿಲ್ಲದೆ ಎಲ್ಲರಿಗೂ ತೆರೆದಿದ್ದ ಮಂಟಪಕ್ಕೆ ಹನ್ನೆರಡನೆಯ ಶತಮಾನದಲ್ಲಿ ಸಂದ ಹೆಸರೂ ಅದೇ ಪದದಿಂದ ಬಂದುದಾಗಿದೆ.

ಕರ್ನಾಟಕದ ಮಟ್ಟಿಗೆ ಈ ಕಾರ್ಯಕ್ಕೆ ಶಿಲಾಶಾಸನಗಳಿಗಿಂತ ಉಚಿತವಾದ ಸಾಮಗ್ರಿ ಬೇರೊಂದಿಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದ, ಕ್ರಿ.ಶ. 949ರ ಆತಕೂರು ಶಾಸನವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ತಕ್ಕೋಲದ ಯುದ್ಧದ ವೃತ್ತಾಂತದೊಡನೆ, ಕಾಡುಹಂದಿಯೊಡನೆ ಸೆಣಸಿ ಮಡಿದ ‘ಕಾಳಿ’ ಎಂಬ ಬೇಟೆನಾಯಿಯ ಸ್ಮರಣೆಯೂ ಅದರಲ್ಲಿದೆ. ನಾಯಿ ಮತ್ತು ಹಂದಿಯ ಕಾಳಗವನ್ನು ಅಲ್ಲಿ ಉಬ್ಬುಶಿಲ್ಪವಾಗಿ ಕೆತ್ತಲಾಗಿದೆ. ಇದರ ಪಡಿಯಚ್ಚೊಂದನ್ನು ಅಂಧ ವಿದ್ಯಾರ್ಥಿಯ ಮುಂದಿಟ್ಟರೆ ಆ ಕಥೆಯು ಅವನ ಬೆರಳ ತುದಿಯಲ್ಲಿಯೇ ನಡೆಯುತ್ತದೆ.

ಇದಕ್ಕಿಂತಲೂ ಗಹನವಾದ ಸಂಗತಿಯೊಂದುಂಟು. ಬ್ರೈಲ್ ಲಿಪಿಯಲ್ಲಿ ಕನ್ನಡವನ್ನು ಓದುವವನು ಆರು ಚುಕ್ಕಿಗಳ ಜೋಡಣೆಯಿಂದ ಓದುತ್ತಾನೆ. ಅವನಿಗೆ ‘ಕ’ಕಾರವೆಂದರೆ ಎಡಸಾಲಿನ ಮೊದಲನೆಯ ಮತ್ತು ಮೂರನೆಯ ಚುಕ್ಕಿ. ಕನ್ನಡ ಲಿಪಿಯ ದುಂಡನೆಯ ತಿರುವುಗಳು, ತಲೆಕಟ್ಟು, ಒತ್ತಕ್ಷರಗಳ ಬಾಗು ಇವಾವುವೂ ಆ ಚುಕ್ಕಿಗಳಲ್ಲಿಲ್ಲ. ಕನ್ನಡದಲ್ಲಿ ಪಾಂಡಿತ್ಯವನ್ನು ಗಳಿಸಿದ ಅಂಧನೊಬ್ಬನು ತನ್ನ ನುಡಿಯ ಅಕ್ಷರದ ಆಕಾರವನ್ನು ಅರಿಯದೆಯೇ ಬಾಳನ್ನು ಕಳೆಯುವುದು ಸಾಧ್ಯ. ಶಾಸನವಾದರೋ ಕಲ್ಲಿನಲ್ಲಿ ಕೊರೆದ ಬರಹ. ಅದರ ರೇಖೆಗಳು ಬೆರಳಿಗೆ ದಾರಿಯನ್ನು ತೋರುತ್ತವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು ಶಾಸನಗಳ ಮೂರು ಆಯಾಮದ ಗಣಕಚಿತ್ರಗಳನ್ನು ಸಿದ್ಧಪಡಿಸುವ ಕಾರ್ಯವನ್ನು ಕೈಗೊಂಡಿದೆ. ಅಂಥ ಚಿತ್ರಗಳಿಂದ ಮೂಲಶಿಲೆಗೆ ಕೈ ಸೋಂಕದಂತೆ ಪ್ರತಿಕೃತಿಗಳನ್ನು ತಯಾರಿಸಬಹುದಾಗಿದೆ.

ಅಂಧರಿಗೆ ಇದರಿಂದ ಪ್ರಯೋಜನವೇನೆಂದು ಕೇಳುವವರಿಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮವೇ ಉತ್ತರ. ಹಾನಗಲ್ಲ ಕುಮಾರಸ್ವಾಮಿಗಳು ಅಂಧ ಬಾಲಕನೊಬ್ಬನಲ್ಲಿ ಪ್ರತಿಭೆಯನ್ನು ಗುರುತಿಸಿ ಸಂಗೀತ ಶಿಕ್ಷಣವನ್ನು ಕೊಡಿಸಿದರು. ಆತನೇ ಮುಂದೆ ಪಂಚಾಕ್ಷರ ಗವಾಯಿಗಳಾಗಿ ಪ್ರಸಿದ್ಧರಾದರು. ಅವರ ಶಿಷ್ಯರೂ ಅಂಧರೂ ಆಗಿದ್ದ ಪುಟ್ಟರಾಜ ಗವಾಯಿಗಳು ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥರಚನೆ ಮಾಡಿದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾದರು. ಬಾಗಿಲು ತೆರೆದವರಿದ್ದುದರಿಂದಲೇ ಆ ಪ್ರತಿಭೆಗಳು ನಾಡಿಗೆ ದೊರೆತವು.

ಕಾಲಿನ ಊನವುಳ್ಳವರ ಅಗತ್ಯಗಳು ಬೇರೆ. ಗಾಲಿಕುರ್ಚಿಗೆ ಬೇಕಾದ ಇಳಿಜಾರು ದಾರಿಯು ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದಕ್ಕೆ ಕಡಿಮೆಯಿಲ್ಲದಂತೆ ಇರಬೇಕೆಂಬುದು ಅಂಗೀಕೃತವಾದ ಪ್ರಮಾಣ. ತಲಾ 15 ಸೆಂಟಿಮೀಟರ್ ಎತ್ತರದ ಮೂರು ಮೆಟ್ಟಿಲುಗಳಿಗೆ ಬದಲಾಗಿ ಕಟ್ಟುವ ದಾರಿಯು 5.4 ಮೀಟರ್ ಉದ್ದವಿರಬೇಕಾಗುತ್ತದೆ. ಹಲವೆಡೆ ಜಾಗ ಉಳಿಸಲೆಂದು ಕಡಿದಾಗಿ ಕಟ್ಟಿದ ದಾರಿಗಳು ಏರಲು ಅಸಾಧ್ಯ, ಇಳಿಯಲು ಅಪಾಯ. ಬಾಗಿಲಿನ ತೆರಪು 90 ಸೆಂಟಿಮೀಟರ್ ಇರುವುದು, ಎರಡೂ ಬದಿಗೆ ಕೈಹಿಡಿ ಇರುವುದು, ಶೌಚಾಲಯದಲ್ಲಿ ಕುರ್ಚಿ ತಿರುಗುವಷ್ಟು ಸ್ಥಳವಿರುವುದು ಅವಶ್ಯಕ. ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣಿನ ಮಟ್ಟವು ನಿಂತವರದಕ್ಕಿಂತ ಬಹಳ ಕೆಳಗಿರುವುದರಿಂದ, ಎತ್ತರದ ಗಾಜಿನ ಪೆಟ್ಟಿಗೆಯಲ್ಲಿಟ್ಟ ನಾಣ್ಯವು ಅವರಿಗೆ ಕಾಣುವುದೇ ಇಲ್ಲ.

ಕಿವುಡರಿಗೆ ಭಾರತೀಯ ಸಂಜ್ಞಾಭಾಷೆಯ ವಿವರಣೆ ಬೇಕು. ಹುಟ್ಟಿನಿಂದ ಕಿವಿ ಕೇಳದವರಿಗೆ ಸಂಜ್ಞೆಯೇ ಮೊದಲ ಭಾಷೆಯಾಗಿರಬಹುದು. ಅಂಥವರಿಗೆ ಬಿಗಿಯಾದ ಪಂಡಿತಭಾಷೆಯ ಫಲಕವು ಪರಭಾಷೆಯಂತೆಯೇ ಸರಿ. ಸಣ್ಣ ವಾಕ್ಯಗಳ ತಿಳಿಗನ್ನಡವು ಅವರಿಗೂ ಬುದ್ಧಿಯ ಬೆಳವಣಿಗೆ ಮಂದವಾದ ಮಕ್ಕಳಿಗೂ ಸಾಮಾನ್ಯರಿಗೂ ಉಪಕಾರಕ. ಮಂದದೃಷ್ಟಿಯವರದು ಇನ್ನೊಂದು ತೊಡಕು: ಓಲೆಗರಿ, ವಸ್ತ್ರ, ವರ್ಣಚಿತ್ರಗಳನ್ನು ಪ್ರಖರ ಬೆಳಕಿನಿಂದ ರಕ್ಷಿಸಬೇಕಾದುದರಿಂದ ಆ ಕೊಠಡಿಗಳಲ್ಲಿ ಬೆಳಕನ್ನು ಸುಮಾರು 50 ಲಕ್ಸ್‌ಗೆ ಮಿತಗೊಳಿಸುತ್ತಾರೆ. ಆ ಮಬ್ಬಿನಲ್ಲಿ ಇವರಿಗೇನೂ ತೋರದು. ಮೂಲವನ್ನು ಮಬ್ಬಿನಲ್ಲಿಯೇ ಇರಿಸಿ, ಅದರ ಹಿಗ್ಗಿಸಿದ ಛಾಯಾಚಿತ್ರವನ್ನು ದಪ್ಪಕ್ಷರದ ವಿವರಣೆಯೊಡನೆ ಬೆಳಕಿನಲ್ಲಿ ಇಡುವುದೇ ಪರಿಹಾರ.

ಇವೆಲ್ಲ ಕರುಣೆಯ ಕಾರ್ಯಗಳೆಂದು ಭಾವಿಸುವ ಕಾಲವು ಮುಗಿದಿದೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೆಯ ಅನುಚ್ಛೇದವು ವಸ್ತುಸಂಗ್ರಹಾಲಯಗಳನ್ನು ಹೆಸರಿಸಿಯೇ ಹೇಳಿದೆ. ಭಾರತವು ಅದನ್ನು 2007ರಲ್ಲಿ ಅನುಮೋದಿಸಿತು. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಸುಗಮ ಪ್ರವೇಶದ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯದೆ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ತೀರ್ಪಿತ್ತಿತು. ದಾಸೋಹದ ತತ್ತ್ವವನ್ನು ಬಲ್ಲವರಿಗೆ ಇದು ಅಪರಿಚಿತವಾದ ಮಾತಲ್ಲ. ದಾಸೋಹದಲ್ಲಿ ಕೊಡುವವನು ಮೇಲಿನವನಲ್ಲ. ಉಣ್ಣುವವನು ಯಾಚಕನೂ ಅಲ್ಲ.

ಅನೇಕ ಮಠಗಳಲ್ಲಿಯೂ ವಿದ್ಯಾಸಂಸ್ಥೆಗಳಲ್ಲಿಯೂ ಓಲೆಗರಿ, ನಾಣ್ಯ, ಹಳೆಯ ಕೃಷಿಸಾಧನ, ವೀರಗಲ್ಲುಗಳ ಕಿರುಸಂಗ್ರಹಗಳಿವೆ. ಅಲ್ಲಿ ಕಾರ್ಯವನ್ನು ಆರಂಭಿಸಲು ಮಹಾವೆಚ್ಚವೇನೂ ಬೇಡ. ಕುಂಟೆ, ಕೂರಿಗೆ, ಬೀಸುವ ಕಲ್ಲು, ಕೊಳಗಗಳಂಥ ಗಟ್ಟಿ ವಸ್ತುಗಳನ್ನು ಮುಟ್ಟಲು ಬಿಡಬಹುದು. ಶಿಲ್ಪದ ಅಚ್ಚನ್ನು ಸ್ಥಳೀಯ ಶಿಲ್ಪಿಯಿಂದ ತೆಗೆಸಬಹುದು. ಕಾವಲುಗಾರನಿಗೆ ಅಂಧರನ್ನು ಕೈಹಿಡಿದು ಎಳೆಯದೆ ತನ್ನ ಮೊಳಕೈಯನ್ನು ನೀಡಿ ನಡೆಸುವ ಕ್ರಮವನ್ನು ಕಲಿಸಬಹುದು. ಎಲ್ಲಕ್ಕೂ ಮೊದಲು, ಏನು ಬೇಕೆಂಬುದನ್ನು ವಿಕಲಚೇತನರನ್ನೇ ಕರೆದು ಕೇಳಬೇಕು. ಹೊಸ ಕಟ್ಟಡಕ್ಕೆ ದ್ರವ್ಯವನ್ನೀಯುವ ದಾನಿಗಳು ತಮ್ಮ ಹೆಸರಿನ ಅಮೃತಶಿಲೆಯ ಫಲಕವು ಎಲ್ಲಿರಬೇಕೆಂದು ವಿಚಾರಿಸುವಂತೆಯೇ, ಆ ಫಲಕದವರೆಗೆ ಗಾಲಿಕುರ್ಚಿಯು ಬರಬಲ್ಲುದೇ ಎಂದೂ ವಿಚಾರಿಸುವುದು ಲೇಸು. ಉಪಾಧ್ಯಾಯರು ಮುಂದಿನ ಪ್ರವಾಸದ ಪತ್ರವನ್ನು ಬರೆಯುವಾಗಲೇ ಇಳಿಜಾರು ದಾರಿಯಿದೆಯೇ ಎಂಬ ಪ್ರಶ್ನೆಯೊಂದನ್ನು ಅದರಲ್ಲಿ ಸೇರಿಸಲಿ. ಹಾಗಾದಂದು ಬಸ್ಸಿನಲ್ಲಿ ಚೀಲಗಳಷ್ಟೇ ಉಳಿದಾವು.